ಕೈಗುಣಕ್ಕೊಂದು ಸರ್ಟಿಫಿಕೇಟು

ಡಾಕ್ಟರು ಚೀಟಿಯಲ್ಲಿ ಬರೆದು ಕಳಿಸಿದ್ದು ಎರಡೇ ಮಾತು: "ಕೈಯಲ್ಲಿ ಏನೂ ದೋಷ ಕಾಣುತ್ತಿಲ್ಲ. ಮಾತಾಡಿಸಿ ನೋಡಿ." ಆ ಚೀಟಿ ಹಿಡಿದು ನನ್ನ ಕೋಣೆಯ ಬಾಗಿಲಲ್ಲಿ ನಿಂತವಳಿಗೆ ಇಪ್ಪತ್ತಾರೋ ಇಪ್ಪತ್ತೇಳೋ ವಯಸ್ಸು. ಚೀಟಿ ಎಡಗೈಯಲ್ಲಿತ್ತು. ಬಲಗೈಯನ್ನು ಸೆರಗಿನಲ್ಲಿ ಸುತ್ತಿ ಹೊಟ್ಟೆಗೆ ಒತ್ತಿಕೊಂಡಿದ್ದಳು. ಅವಳ ಹಿಂದೆ ಅತ್ತೆ, ಅತ್ತೆಯ ಕಂಕುಳಲ್ಲಿ ಒಂದು ಹೆಣ್ಣು ಮಗು. ಮಗುವಿಗೆ ನಾಲ್ಕು ವರ್ಷವಾದರೂ ಇರಬೇಕು. ಇಷ್ಟು ದೊಡ್ಡ ಮಗುವನ್ನು, ತಾಯಿ ಜೊತೆಯಲ್ಲೇ ಇರುವಾಗ, ಮುದುಕಿ ಯಾಕೆ ಹೊತ್ತು ತಿರುಗುತ್ತಾಳೆ ಅನ್ನಿಸಿತು. ಕೇಳಲಿಲ್ಲ.

ತೊಂಬತ್ತರ ದಶಕದ ಕೊನೆಯ ಮಾತಿದು. ಕೊಳ್ಳೇಗಾಲದ ಆಸ್ಪತ್ರೆಯೊಂದರಲ್ಲಿ ನಾನು ಆಪ್ತಸಮಾಲೋಚಕಿ. ಆ ಪದ ಹೇಳಿದರೆ ಯಾರಿಗೂ ತಿಳಿಯುತ್ತಿರಲಿಲ್ಲ, ನನ್ನ ಹೆತ್ತ ತಾಯಿಗೂ. "ಡಾಕ್ಟ್ರೂ ಅಲ್ಲ, ನರ್ಸೂ ಅಲ್ಲ, ಹೋಗಲಿ ಆಯಾನಾದರೂ ಆಗಬಾರದಾಗಿತ್ತೇ" ಎಂದು ಅಮ್ಮ ಕೇಳುತ್ತಿದ್ದಳು. ಜನ ನನಗೆ ಇಟ್ಟ ಹೆಸರು 'ಮಾತಾಡ್ಸೋ ಮೇಡಮ್ಮ'. ಔಷಧಿ ಪೆಟ್ಟಿಗೆಗಳನ್ನು ಪೇರಿಸಿಡುತ್ತಿದ್ದ ಕೋಣೆಯೊಂದನ್ನು ಖಾಲಿ ಮಾಡಿಸಿ ಒಂದು ಮೇಜು, ನಾಲ್ಕು ಕುರ್ಚಿ, ಒಂದು ಫ್ಯಾನು ಕೊಟ್ಟಿದ್ದರು. ಮಂಗಳವಾರ ಹನೂರಿಗೆ, ಗುರುವಾರ ಯಳಂದೂರಿಗೆ ಬಸ್ಸಿನಲ್ಲಿ ಹೋಗಿ ಅಲ್ಲಿ ಒಂದೊಂದು ದಿನ ಕೂರುತ್ತಿದ್ದೆ. ಮಿಕ್ಕ ದಿನ ಇಲ್ಲಿ, ಈ ಕೋಣೆಯಲ್ಲಿ.

ಅದೇ ವರ್ಷ ಬೆಂಗಳೂರಿನಲ್ಲಿ ಹತ್ತು ದಿನದ ತರಬೇತಿ ಮುಗಿಸಿಕೊಂಡು ಬಂದಿದ್ದೆ. ಕಥನ ಚಿಕಿತ್ಸೆ ಅಂತ. ಒಂದು ಕಟ್ಟು ಜೆರಾಕ್ಸ್ ಹಾಳೆ ಕೊಟ್ಟಿದ್ದರು. ಅದರ ಸಾರ ಇಷ್ಟು. ಪ್ರತಿಯೊಬ್ಬರೂ ತಮ್ಮ ಬಗ್ಗೆ ತಾವೇ ಒಂದು ಕಥೆ ಹೇಳಿಕೊಂಡು ಬದುಕುತ್ತಾರೆ. ನಾನು ಕೆಲಸಕ್ಕೆ ಬಾರದವನು, ನಾನು ಪಾಪಿ, ನಾನು ನತದೃಷ್ಟೆ ಅಂತ. ಆ ಕಥೆಗೆ ಹೊಂದುವುದನ್ನು ಮಾತ್ರ ನೆನಪಿಟ್ಟುಕೊಂಡು, ಹೊಂದದ್ದನ್ನೆಲ್ಲ ಕೈಬಿಡುತ್ತಾರೆ. ನಮ್ಮ ಕೆಲಸ ಏನೆಂದರೆ, ಮೊದಲು ತೊಂದರೆಯನ್ನು ಮನುಷ್ಯನಿಂದ ಬಿಡಿಸಿ ಪಕ್ಕಕ್ಕೆ ಕೂರಿಸುವುದು. ಆಮೇಲೆ ಕೈಬಿಟ್ಟುಹೋದ ಘಟನೆಗಳನ್ನು ಹುಡುಕಿ ತೆಗೆದು, ಅವುಗಳಿಂದ ಬೇರೆ ಕಥೆ ಕಟ್ಟಿಕೊಳ್ಳಲು ನೆರವಾಗುವುದು. ಬೇಕಾದರೆ ಸಾಕ್ಷಿಗಳನ್ನು ಕರೆಸಬಹುದು, ಕಾಗದ ಬರೆಯಬಹುದು, ಪ್ರಮಾಣಪತ್ರವನ್ನೂ ಕೊಡಬಹುದು.

ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ. ನಾನೂ ಸಿಕ್ಕಸಿಕ್ಕವರ ಮೇಲೆಲ್ಲ ಅದನ್ನು ಪ್ರಯೋಗಿಸಿದೆ. ಹನೂರಿನಲ್ಲಿ ಒಬ್ಬ ಗಂಡಸಿಗೆ, "ನಿನ್ನ ಸಿಟ್ಟಿಗೆ ಒಂದು ಹೆಸರಿಡಪ್ಪ, ಅದನ್ನ ನಿನ್ನಿಂದ ಬೇರೆ ಮಾಡಿ ನೋಡೋಣ" ಅಂದೆ. ಅವನು ಕಣ್ಣು ಮಿಟುಕಿಸದೆ, ಸತ್ತುಹೋದ ತನ್ನ ತಾತನ ಹೆಸರು ಹೇಳಿ, "ನನ್ಗೂ ಅದೇ ಅನುಮಾನ ಇತ್ತು ಮೇಡಮ್ಮ. ಕೋಳಿ ಸಾಕಾ, ಮರೀನೇ ಬೇಕಾ?" ಎಂದು ಕೇಳಿದ. ಬೆಂಗಳೂರಿನವರು ಇದಕ್ಕೇನು ಉತ್ತರ ಅಂತ ಹೇಳಿಕೊಟ್ಟಿರಲಿಲ್ಲ.

ಆ ಹೆಂಗಸಿನ ವಿಷಯಕ್ಕೆ ಬರುತ್ತೇನೆ. ಮಾತು ಶುರುಮಾಡಿದ್ದು ಅತ್ತೆ. "ಕೈ ಮ್ಯಾಕೇ ಏಳಾದಿಲ್ಲ ಕಣವ್ವ. ವರ್ಸ ಆಯ್ತಾ ಬಂತು. ಮೈಸೂರ್ಗೂ ಓಗ್ಬಂದೊ. ಪೋಟ ತಗುದ್ರು, ಸೂಜಿ ಚುಚ್ಚುದ್ರು, ಯಾನೂ ಇಲ್ಲ ಅಂದ್ರು. ಯಾನೂ ಇಲ್ದೆ ಕೈ ಯಾಕ ಬಿದ್ದೋದದು?"

ಸೊಸೆಯ ಕಡೆ ತಿರುಗಿ, ನಿನಗೇನನ್ನಿಸುತ್ತದಮ್ಮ ಅಂದೆ. ಅವಳು ನೆಲ ನೋಡಿಕೊಂಡು, "ಬಿದ್ದೋದ್ರ ವಾಸಿ ಅಲ್ವಾ ಮೇಡಮ್ಮ. ಇದ್ರ ಕೈಗುಣ ಸರಿಯಿಲ್ಲ" ಅಂದಳು.

ಕೈಗುಣದ ವಿಷಯ ನನಗೆ ಯಾರೂ ವಿವರಿಸಬೇಕಾಗಿರಲಿಲ್ಲ. ನಮ್ಮ ಮನೆಯಲ್ಲಿ ಉಪ್ಪಿನಕಾಯಿ ಭರಣಿಗೆ ಕೈ ಹಾಕಲು ಒಬ್ಬ ಚಿಕ್ಕಮ್ಮನಿಗೆ ಮಾತ್ರ ಅಪ್ಪಣೆ. ಇನ್ನೊಬ್ಬ ಚಿಕ್ಕಮ್ಮ ಅಡುಗೆಮನೆಯ ಬಾಗಿಲಿಗೆ ಬಂದರೂ ಅಮ್ಮ ಭರಣಿಯ ಬಾಯಿ ಮುಚ್ಚುತ್ತಿದ್ದಳು. ಅಂಗಡಿಯವನಿಗೆ ಬೋಣಿ ಮಾಡುವ ಕೈ, ಬಾಣಂತಿಗೆ ಮೊದಲ ನೀರು ಹಾಕುವ ಕೈ, ಎಲ್ಲಕ್ಕೂ ಒಂದೊಂದು ಗುಣ. ರೇಷ್ಮೆ ಹುಳ ಸಾಕುವ ಮನೆಗಳಲ್ಲಂತೂ ಕೇಳುವುದೇ ಬೇಡ. ಹುಳದ ಮನೆಯೊಳಗೆ ಕಂಡವರನ್ನು ಬಿಡುವುದಿಲ್ಲ. ಮೊದಲ ಸೊಪ್ಪು ಹಾಕುವವರು ಯಾರು ಅಂತ ಮೊದಲೇ ತೀರ್ಮಾನವಾಗಿರುತ್ತದೆ. ಇವಳನ್ನು ಕೊಟ್ಟಿದ್ದು ಮಧುವನಹಳ್ಳಿಯ ಅಂಥದೇ ಒಂದು ಮನೆಗೆ.

ಅವತ್ತು ಮಧ್ಯಾಹ್ನ ಊಟಕ್ಕೆ ಹೊರಗೆ ಬಂದಾಗ ಅವರು ಇನ್ನೂ ಜಗಲಿಯಲ್ಲಿದ್ದರು. ಅತ್ತೆ ಡಬ್ಬಿ ಬಿಚ್ಚಿ ಮಗುವಿಗೆ ಮುದ್ದೆ ಮುರಿದು ತಿನ್ನಿಸುತ್ತಿದ್ದಳು. ಮಗು ತುತ್ತು ನುಂಗಿ, ಎದ್ದು, ಕುಣಿಯುತ್ತ ಬಂದು ಅಮ್ಮನ ತೊಡೆಯ ಮೇಲೆ ಬೀಳಲು ಹೋಯಿತು. ತಾಯಿ ಪಕ್ಕಕ್ಕೆ ಸರಿದಳು. ಮಗು ಕಂಬಕ್ಕೆ ಒರಗಿ ನಿಂತು, ಮತ್ತೆ ಅಜ್ಜಿಯ ಹತ್ತಿರ ಹೋಯಿತು. ಅಳಲಿಲ್ಲ. ಅಳದೆ ಹೋದದ್ದಕ್ಕೇ ನನಗೆ ಹೆಚ್ಚು ಸಂಕಟವಾಯಿತು. ಆ ಮಗುವಿಗೆ ಅದು ರೂಢಿಯಾಗಿಬಿಟ್ಟಿತ್ತು.

ಎರಡನೆಯ ಸಲ ಬಂದಾಗ ಅವಳು ಬಾಯಿ ಬಿಟ್ಟಳು. ಮದುವೆಯಾಗಿ ಬಂದ ಹೊಸತು. ಹುಳ ದೊಡ್ಡವಾಗಿದ್ದವು, ಇನ್ನು ನಾಲ್ಕೈದು ದಿನಕ್ಕೆ ಹಣ್ಣಾಗಿ ಗೂಡು ಕಟ್ಟಬೇಕು. ಹೊಸ ಸೊಸೆ ನೀನೊಂದು ಸಲ ಸೊಪ್ಪು ಹಾಕು ಅಂದರಂತೆ, ಹಾಕಿದಳು. ಎರಡು ದಿನದಲ್ಲಿ ಹುಳ ಮೆತ್ತಗಾಗಿ, ಕಪ್ಪಾಗಿ, ಮನೆಯೆಲ್ಲ ನಾರಿ, ತಟ್ಟೆತಟ್ಟೆಯನ್ನೇ ತಿಪ್ಪೆಗೆ ಸುರಿದರು. ಅತ್ತೆ ಅಂದಳು, ಇವಳ ಕೈಗುಣ ಸರಿಯಿಲ್ಲ ಅಂತ. ಆಮೇಲೆ ಅವಳು ಹಾಲು ಕರೆಯುತ್ತಿದ್ದ ಹಸು ಬತ್ತಿಹೋಯಿತು. ಅದಾದ ಮೇಲೆ ಮೊದಲ ಕೂಸು. ಗಂಡು. ಹುಟ್ಟಿ ಹನ್ನೊಂದನೇ ದಿನ ಜ್ವರ ಬಂದು, ಎರಡೇ ದಿನಕ್ಕೆ ಹೋಯಿತು.

"ನನ್ ಕೈಲೇ ಇತ್ತು ಮೇಡಮ್ಮ," ಅಂದಳು. "ಎರಡ್ನೇದು ಉಟ್ದಾಗ ನಾನು ತಲ ಮುಟ್ನಿಲ್ಲ. ಎದೆ ಹಾಲ ಕುಡ್ಸ್ದೆ, ಅಷ್ಟೇಯ. ಎತ್ಕಂಡಿದ್ದೆಲ್ಲ ನಮ್ಮತ್ತ. ಈಗ ಅದ್ಕ ಬುದ್ಧಿ ಬಂದದ, ಅವ್ವ ಅವ್ವ ಅಂತ ಮೈ ಮ್ಯಾಲ ಬೀಳ್ತದ. ಅದ್ಕೇಯ ದ್ಯಾವ್ರು ಕೈಯ ಕಟ್ಟಾಕವ್ನ ಅನ್ಕಂಡಿವ್ನಿ."

ಅವಳು ಬಂದದ್ದು ಕೈ ವಾಸಿಯಾಗಲಿ ಅಂತಲ್ಲ. ಕೈ ಎದ್ದರೆ ಮಗುವನ್ನು ಮುಟ್ಟಬೇಕಾಗುತ್ತದೆ. ಮುಟ್ಟಿದರೆ ಮಗು ಉಳಿಯುವುದಿಲ್ಲ. ಅದನ್ನು ಅವಳು ಪರೀಕ್ಷೆ ಮಾಡಿ ನೋಡಿದವಳಂತೆ ಅಷ್ಟು ಖಚಿತವಾಗಿ ನಂಬಿದ್ದಳು.

ನಾನು ಹಾಳೆಗಳಲ್ಲಿ ಬರೆದಿದ್ದಂತೆ ಹೊರಟೆ. ಈ ಕೈಗುಣ ಅನ್ನೋದು ನಿನ್ನ ಬದುಕಿನೊಳಗೆ ಯಾವತ್ತು ಬಂತು, ಏನೇನು ಕಿತ್ತುಕೊಂಡಿತು, ಅದರ ಮಾತು ನೀನು ಕೇಳದೆ ಇದ್ದ ದಿನ ಯಾವುದಾದರೂ ಉಂಟಾ, ಈ ಕೈಯಿಂದ ಒಳ್ಳೆಯದಾದದ್ದು ಉಂಟಾ. ಮೂರು ಸಲ ಬಂದಾಗಲೂ ಇಲ್ಲ ಅನ್ನುವುದೊಂದೇ ಉತ್ತರ. ನನಗೋ ಸಿಟ್ಟು ಮೂಗಿನ ತುದಿಯಲ್ಲಿ. ಒಮ್ಮೆ ರೇಗಿ, "ಹುಟ್ಟಿದಾಗಿನಿಂದ ಒಂದೇ ಒಂದು ಒಳ್ಳೇ ಕೆಲಸ ಮಾಡಿಲ್ವೇನಮ್ಮ ಈ ಕೈ?" ಅಂದುಬಿಟ್ಟೆ. ಹಾಗೆ ಕೇಳಬಾರದು, ತಪ್ಪು. ಆದರೆ ಅವಳು ತಲೆಯೆತ್ತಿ, "ನಮ್ಮೂರಲ್ಲಿ ಪೈರ್ ನೆಡ್ತಿದ್ದೆ, ಅದ್ಯಾನ್ ಮಹಾ," ಅಂದಳು.

ಅವಳ ತವರು ಹೊನ್ನೂರು. ಗದ್ದೆ ಬಯಲು. ನಾಟಿಯ ದಿನ ಮೊದಲ ಪೈರನ್ನು ಕೈಗುಣ ಇರುವವರಿಂದ ನೆಡಿಸುತ್ತಾರೆ. ಹನ್ನೆರಡು ವರ್ಷದ ಹುಡುಗಿಯಾಗಿದ್ದಾಗಿನಿಂದ ಮದುವೆಯಾಗುವವರೆಗೆ, ಅವಳ ಬೀದಿಯ ಗದ್ದೆಯವರೆಲ್ಲ ಮೊದಲ ಪೈರಿಗೆ ಇವಳನ್ನೇ ಕರೆಯುತ್ತಿದ್ದರಂತೆ. ನೆಟ್ಟಮೇಲೆ ಮಡಿಲಿಗೆ ಒಂದಚ್ಚು ಬೆಲ್ಲ ಹಾಕುತ್ತಿದ್ದರಂತೆ.

ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಹಾಳೆಯಲ್ಲಿ ಹೇಳಿದ್ದು ಇದನ್ನೇ! ಕಥೆಗೆ ಹೊಂದದೆ ಬಿಟ್ಟುಹೋದದ್ದು! ಒಂದು ಊರಲ್ಲಿ ಕೆಟ್ಟ ಕೈ, ಹತ್ತಾರು ಮೈಲಿ ಆಚೆಯ ಊರಲ್ಲಿ ಹುಡುಕಿಕೊಂಡು ಬರುವ ಕೈ. ಅವಳ ಒಪ್ಪಿಗೆ ಕೇಳಿ, ಮುಂದಿನ ಗುರುವಾರ ಯಳಂದೂರಿನ ಕೆಲಸ ಮುಗಿದ ಮೇಲೆ ಆಟೋ ಹಿಡಿದು ಹೊನ್ನೂರಿಗೆ ಹೋದೆ. ಅವಳಿಂದ ಪೈರು ನೆಡಿಸುತ್ತಿದ್ದ ಗದ್ದೆಯೊಂದರ ಒಡತಿ, ಎಪ್ಪತ್ತು ದಾಟಿದ ಹೆಂಗಸು, ತೆಂಗಿನ ಗರಿ ಸೀಳುತ್ತ ಕೂತಿದ್ದಳು. ವಿಷಯ ಕೇಳುತ್ತಲೇ ಮಚ್ಚನ್ನು ನೆಲಕ್ಕೆ ಕುಕ್ಕಿದಳು. "ಯಾವ್ಳವ್ವ ಅಂದವ್ಳು? ಆ ಮಗೀನ ಕೈಲಿ ಪೈರ್ ನೆಡ್ಸುದ್ರ ತೆನೆ ನೆಲಕ್ಕ ಬಾಗ್ತಿತ್ತು. ಅವ್ಳ ಮದ್ವಾದ ಮ್ಯಾಲ ನಾವು ಅಂತಾ ಬೆಳೆ ಕಂಡಿಲ್ಲ. ನಡಿ, ನಾನೇ ಬಂದು ಯೋಳ್ತೀನಿ."

ಬಂದಳು ಕೂಡ. ಮುಂದಿನ ವಾರ ನನ್ನ ಕೋಣೆಯಲ್ಲಿ ಕುರ್ಚಿ ಸಾಲದೆ ಪಕ್ಕದ ಕೋಣೆಯಿಂದ ಬೆಂಚು ತರಿಸಿದೆ. ಒಂದು ಕಡೆ ಹೊನ್ನೂರಿನ ಮುದುಕಿ, ಇನ್ನೊಂದು ಕಡೆ ಅತ್ತೆ ಮತ್ತು ಗಂಡ, ನಡುವೆ ಅವಳು. ಮುದುಕಿ ಒಂದೊಂದು ವರ್ಷದ ಬೆಳೆಯನ್ನೂ ಹೆಸರು ಹಿಡಿದು ಹೇಳಿದಳು. ಯಾರ ಗದ್ದೆ, ಯಾವ ಭತ್ತ, ಎಷ್ಟು ಚೆನ್ನಾಗಿ ಬಂತು. ಅತ್ತೆಯ ಮುಖ ನೋಡುವಂತಿತ್ತು. ಕೊನೆಗೆ ಮುದುಕಿ, "ಚಿನ್ನದಂತಾ ಕೈಯ ಮೂಲಗ ಮಡಗಿವ್ರಲ್ಲ, ನಿಮ್ಗ ಬುದ್ಧಿ ಬ್ಯಾಡ್ವಾ?" ಎಂದು ಗದರಿದಳು. ಟೀ ಬಂತು. ಅವಳು ಲೋಟವನ್ನು ಬಲಗೈಯಲ್ಲಿ ತೆಗೆದುಕೊಂಡಳು. ತೆಗೆದುಕೊಂಡದ್ದು ಅವಳಿಗೇ ಗೊತ್ತಾಗಲಿಲ್ಲ. ಗಂಡ ನನ್ನ ಕಡೆ ನೋಡಿದ, ನಾನು ಸುಮ್ಮನಿರಿ ಅಂತ ಕಣ್ಣಲ್ಲೇ ಹೇಳಿದೆ.

ಅಷ್ಟಕ್ಕೆ ನಿಲ್ಲಿಸಿದ್ದರೆ ನಾನು ಬುದ್ಧಿವಂತೆ. ಹಾಳೆಯಲ್ಲಿ ಪ್ರಮಾಣಪತ್ರದ ಮಾತಿತ್ತಲ್ಲ. ಬಿಳಿ ಹಾಳೆ ತೆಗೆದು ದುಂಡಗಿನ ಅಕ್ಷರದಲ್ಲಿ ಬರೆದೆ: "ಇವರ ಬಲಗೈ ಒಳ್ಳೆಯ ಕೈ. ಹನ್ನೆರಡನೆಯ ವಯಸ್ಸಿನಿಂದ ಊರಿನ ಗದ್ದೆಗಳಿಗೆ ಮೊದಲ ಪೈರು ನೆಟ್ಟ ಕೈ. ಇದನ್ನು ಕಂಡವರು ಸಾಕ್ಷಿ ಹೇಳಿದ್ದಾರೆ." ಓದಿ ಹೇಳಿದೆ. ಅತ್ತೆ ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿ, "ಮೊಹರು ವತ್ತವ್ವ. ಮೊಹರಿಲ್ದ ಕಾಗ್ದವ ಯಾರ್ ನಂಬ್ತಾರು?" ಅಂದಳು. ನಾನು ಆಫೀಸಿಗೆ ಹೋಗಿ ಆಸ್ಪತ್ರೆಯ ದುಂಡು ಮೊಹರು ತಂದು ಠಪ್ಪನೆ ಒತ್ತಿದೆ. ಅವತ್ತು ಸಂಜೆ ಮನೆಗೆ ಹೋಗುವಾಗ ಬಿಮ್ಮನೆ ನಡೆದಿದ್ದೆ, ಸುಳ್ಳು ಯಾಕೆ ಹೇಳಲಿ. ಬೆಂಗಳೂರಿನವರಿಗೆ ಕಾಗದ ಬರೆದು ತಿಳಿಸಬೇಕು ಅಂತಲೂ ಅಂದುಕೊಂಡೆ.

ಎರಡು ತಿಂಗಳು ಒಳ್ಳೆಯ ಸುದ್ದಿಯೇ. ಕೈ ಏಳುತ್ತದೆ, ರಾಗಿ ಕೇರುತ್ತಾಳೆ, ಸೊಪ್ಪು ಕೊಯ್ಯುತ್ತಾಳೆ. ಮಗುವಿಗೆ ಒಂದು ಸಲ ತಲೆ ಬಾಚಿದಳಂತೆ. ಸರ್ಟಿಫಿಕೇಟನ್ನು ಗಾಜು ಹಾಕಿಸಿ ನಡುಮನೆಯಲ್ಲಿ ದೇವರ ಪಟದ ಪಕ್ಕ ತೂಗುಹಾಕಿದ್ದಾರೆ ಅಂತ ಅತ್ತೆಯೇ ಹೇಳಿದಳು. ನೋಡಲು ಅಕ್ಕಪಕ್ಕದವರೂ ಬರುತ್ತಾರಂತೆ. ನಾನು ನಕ್ಕೆ. ಆಗಲೇ ಎಚ್ಚರವಾಗಬೇಕಿತ್ತು.

ಮುಂದಿನ ಹುಳದ ಬೆಳೆಗೆ ಅತ್ತೆ, "ಮೊದಲ ಸೊಪ್ಪ ನೀನೇ ಆಕು" ಅಂದಳು. ಆಸ್ಪತ್ರೆಯವರು ಮೊಹರು ಹಾಕಿದ ಕೈ ಅಂತ ಇನ್ನೂ ಮೂರು ಮನೆಯವರು ಇವಳನ್ನು ಕರೆದುಕೊಂಡು ಹೋಗಿ ಸೊಪ್ಪು ಹಾಕಿಸಿದರು. ಆಮೇಲೆ ಮಳೆ ಹಿಡಿಯಿತು. ಹತ್ತು ಹನ್ನೆರಡು ದಿನ ಬಿಸಿಲಿಲ್ಲ, ಕೊಯ್ದ ಸೊಪ್ಪೆಲ್ಲ ತೊಪ್ಪೆ. ಒದ್ದೆ ಸೊಪ್ಪು ತಿಂದ ಹುಳಕ್ಕೆ ರೋಗ ಬರದೆ ಇನ್ನೇನು? ಅವರ ಮನೆಯಲ್ಲಿ ಹೋಯಿತು, ಆ ಮೂರು ಮನೆಯಲ್ಲೂ ಹೋಯಿತು. ಅವಳು ಕಾಲೇ ಇಡದ ಎಷ್ಟೋ ಮನೆಯಲ್ಲೂ ಹೋಯಿತು. ಆದರೆ ಆ ಮನೆಗಳ ಮಾತನ್ನು ಯಾರು ಎತ್ತುತ್ತಾರೆ?

ನನಗೆ ತಿಳಿದದ್ದು ಅವಳ ಗಂಡ ಬಂದಾಗ. ಅವನು ಮಾತು ಕಡಿಮೆಯ ಮನುಷ್ಯ. ಗಾಜು ಹಾಕಿದ ಸರ್ಟಿಫಿಕೇಟನ್ನು ಟವೆಲಿನಿಂದ ಬಿಚ್ಚಿ ನನ್ನ ಮೇಜಿನ ಮೇಲಿಟ್ಟ. "ಇದ ನೀವೇ ಮಡಿಕಳಿ ಮೇಡಂ," ಅಂದ. "ಕೈಯ ಬಟ್ಟ ಸುತ್ತಿ ಸೊಂಟಕ್ಕ ಕಟ್ಕಂಡವ್ಳ. ಮಗೀನ ಒನ್ನೂರ್ಗ, ಅವ್ರವ್ವನ ತಾವ್ಕ ಕಳಿಸ್ಬುಟ್ಲು. ಅಲ್ಲೇ ಬೆಳ್ಕಳ್ಳಿ, ನನ್ ಕಣ್ಗ ಬೀಳದ್ ಬ್ಯಾಡ ಅಂತವ್ಳ. ನಮ್ಮವ್ವ ಮಗು ಇಲ್ದೆ ಊಟ ಬುಟ್ಟವ್ಳ."

ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದಂತಾಯಿತು. ಮೊದಲು ಮಗು ಒಂದೇ ಮನೆಯಲ್ಲಾದರೂ ಇತ್ತು. ತಾಯಿ ಮುಟ್ಟದಿದ್ದರೂ ಕಣ್ಣಾರೆ ನೋಡುತ್ತಿದ್ದಳು. ನಾನು ಅದನ್ನೂ ಕಳೆದಿದ್ದೆ. ಎರಡು ದಿನ ಯಾರ ಮೇಲೆಂದರೆ ಅವರ ಮೇಲೆ ರೇಗಿದೆ. ಮಳೆಯ ಮೇಲೆ, ಹುಳದ ಮೇಲೆ, ಜೆರಾಕ್ಸ್ ಹಾಳೆಗಳ ಮೇಲೆ. ಆಯಾ ಬಂದು ಕಸ ಗುಡಿಸಲೇ ಅಂದರೆ ಅವಳ ಮೇಲೂ. ಮೂರನೆಯ ದಿನ ಮಧುವನಹಳ್ಳಿಗೆ ಹೋದೆ.

ಅವಳು ಹಿತ್ತಲ ಜಗಲಿಯಲ್ಲಿ ಕೂತಿದ್ದಳು. ಬಲಗೈ ನಿಜವಾಗಿಯೂ ಹಳೇ ಸೀರೆಯ ಪಟ್ಟಿಯಲ್ಲಿ ಸೊಂಟಕ್ಕೆ ಬಿಗಿದಿತ್ತು. ನನ್ನನ್ನು ಕಂಡು ಎದ್ದು ನಿಂತಳು, ಕೂತುಕೊಳ್ಳಿ ಅಂದಳು. ಮರ್ಯಾದೆಗೆ ಏನೂ ಕೊರತೆಯಿಲ್ಲ. ನಾನು ದಾರಿಯುದ್ದಕ್ಕೂ ಸಿದ್ಧ ಮಾಡಿಕೊಂಡು ಬಂದದ್ದನ್ನು ಒದರಿದೆ. ಒದ್ದೆ ಸೊಪ್ಪು, ರೋಗ, ಬೇರೆ ಮನೆಗಳ ಹುಳ, ಎಲ್ಲ. ಅವಳು ಪೂರ್ತಿ ಕೇಳಿಸಿಕೊಂಡಳು.

"ಅಕ್ಕ," ಅಂದಳು. ಮೇಡಮ್ಮ ಹೋಗಿ ಅಕ್ಕ ಆದದ್ದು ಆಗಲೇ. "ಈ ಕೈಗ ಒಳ್ಳೇದ್ ಮಾಡೋ ಶಕ್ತಿ ಅದ ಅಂತ ಬರ್ಕೊಟ್ಟೋರು ನೀವೇ ತಾನೆ? ಮುಟ್ಟುದ್ರ ತೆನೆ ಬಾಗ್ತದ ಅನ್ನದಾದ್ರ, ಮುಟ್ಟುದ್ರ ಹುಳ ಸಾಯ್ತದ ಅನ್ನದೂ ದಿಟವೇ ಆಯ್ತಲ್ಲ. ಒಂದ ನಂಬಿ ಇನ್ನೊಂದ ಬುಡಿ ಅಂದ್ರ ಎಂಗಕ್ಕ?"

ಎಂಟನೇ ಕ್ಲಾಸು ಓದಿದ ಹೆಂಗಸು, ಎಂ.ಎ. ಮಾಡಿದವಳ ತಪ್ಪನ್ನು ಎರಡು ಮಾತಲ್ಲಿ ಎತ್ತಿ ತೋರಿಸಿದ್ದಳು. ನಾನು ಅವಳ ಕಥೆಯನ್ನು ಬದಲಾಯಿಸಿರಲೇ ಇಲ್ಲ. ಕೈಗುಣವನ್ನು ಹಾಗೇ ಉಳಿಸಿ, ಅದಕ್ಕೆ ಮೊಹರು ಒತ್ತಿ, ಇನ್ನಷ್ಟು ಬಲ ಕೊಟ್ಟಿದ್ದೆ. ಉಪ್ಪಿನಕಾಯಿ ಭರಣಿಯ ಮನೆಯಲ್ಲಿ ಹುಟ್ಟಿ ಬೆಳೆದವಳು ಬೇರೆ ಏನು ಮಾಡಿಯಾಳು?

"ತಪ್ಪಾಯ್ತು ಕಣಮ್ಮ," ಅಂದೆ. "ನಾನು ಹಾಗೆ ಬರೆದುಕೊಡಬಾರದಾಗಿತ್ತು."

ಅವಳು ಸಡಿಲವಾಗಿದ್ದ ಪಟ್ಟಿಯನ್ನು ಎಡಗೈಯಿಂದ ಬಿಗಿಮಾಡಿಕೊಂಡಳು. ಏಳಬೇಕು, ಬಸ್ಸಿನ ಹೊತ್ತಾಯಿತು ಅಂದುಕೊಳ್ಳುತ್ತಲೇ ನಾನು ಇನ್ನೊಂದು ಮಾತು ಕೇಳಿದೆ. ಅದು ಯಾವ ಹಾಳೆಯಿಂದಲೂ ಬಂದದ್ದಲ್ಲ, ಅಥವಾ ಬಂದಿದ್ದರೂ ನನಗಾಗ ನೆನಪಿರಲಿಲ್ಲ. "ನಿನ್ನ ಕೈಯಿಂದ ಏನಾಯ್ತು ಅಂತ ಕೇಳಲ್ಲ. ಮೊದಲ ಕೂಸಿಗೆ ಜ್ವರ ಬಂತಲ್ಲ, ಆ ಎರಡು ದಿನ ಈ ಕೈ ಏನೇನು ಕೆಲಸ ಮಾಡ್ತು? ಅಷ್ಟು ಹೇಳು ಸಾಕು."

ಅವಳು ನನ್ನ ಮುಖ ನೋಡಿದಳು. ಯಾರೂ ಅದನ್ನು ಕೇಳಿರಲಿಲ್ಲ. ಹೇಗೆ ಸತ್ತಿತು ಅಂತ ಕೇಳಿದ್ದರು, ಯಾಕೆ ಸತ್ತಿತು ಅಂತ ಹೇಳಿದ್ದರು.

"ಕೈ ಯಾನ್ ಮಾಡ್ತು?" ಅಂದಳು. "ಬೆಳುಗ್ಗ ಮೈ ಕಾದಿತ್ತು. ಲೋಟ್ದಲ್ಲಿ ನೀರ್ ತಕಂಡು ಬಟ್ಟ ಅದ್ದಿ ಅಣೆ ಮ್ಯಾಲ ಆಕ್ದೆ."

"ಯಾವ ಕೈಯಲ್ಲಿ?"

"ಇದ್ರಲ್ಲೇಯ. ಮನೇಲಿ ಯಾರೂ ಇರ್ನಿಲ್ಲ. ಎಲ್ಲ ತೋಟಕ್ಕ ಓಗಿದ್ರು. ಹಾಲ ಕುಡೀನಿಲ್ಲ. ಬೆರಳಲ್ಲಿ ಅದ್ದಿ ಬಾಯ್ಗ ಸವುರ್ದೆ, ಚೀಪ್ನಿಲ್ಲ. ಆಮ್ಯಾಕ ಸೆರಗಲ್ಲಿ ಸುತ್ತಿ ಎತ್ಕಂಡು ರೋಡ್ಗ ಬಂದೆ. ಬಸ್ಸಲ್ಲಿ ಜಾಗ ಇರ್ನಿಲ್ಲ. ಎಡಗೈಲಿ ಕಂಬಿ ಇಡ್ಕಂಡು, ಇದ್ರಲ್ಲಿ ತಲ ಇಡ್ಕಂಡಿದ್ದೆ. ಗುಂಡಿ ಬಂದಾಗ್ಲೆಲ್ಲ ಗಟ್ಟಿಯಾಗಿ ಇಡ್ಕಳದು. ಆಸ್ಪತ್ರೇಲಿ ಸೂಜಿ ಆಕುದ್ರು. ಕಾಲ ಅಲ್ಲಾಡ್ದಂಗ ಇಡ್ಕವ್ವ ಅಂದ್ರು, ಇಡ್ಕಂಡೆ." ನಿಲ್ಲಿಸಿದಳು. "ಆಮ್ಯಾಕ ತಲ ಕೆಳ್ಗ ಕೈ ಮಡಗ್ದೆ. ದಿಂಬ್ ಕೊಟ್ರು, ಬ್ಯಾಡ ಅಂದೆ. ಕೈ ಜೋಮ್ ಇಡಿದ್ರೂ ತೆಗೀನಿಲ್ಲ. ಓಯ್ತು ಅಂತ ನರ್ಸಮ್ಮ ಯೋಳುದ್ ಮ್ಯಾಲೂ ತೆಗೀನಿಲ್ಲ ಅಕ್ಕ. ಬೆರಳ ಒಂದೊಂದಾಗಿ ಅವ್ರೇ ಬುಡುಸುದ್ರು."

ಇಷ್ಟು ಹೇಳಿ ತನ್ನ ಸೊಂಟಕ್ಕೆ ಕಟ್ಟಿದ್ದ ಕೈಯನ್ನು ನೋಡಿಕೊಂಡಳು. ಯಾರದೋ ಕೈ ನೋಡುವ ಹಾಗೆ. "ಇದು ಬುಡ್ನೇ ಇಲ್ಲ," ಅಂದಳು. ಮತ್ತೆ ಅದನ್ನೇ ಅಂದಳು. ಆಮೇಲೆ ಅಳಲು ಶುರುಮಾಡಿದಳು, ನಾನೂ ಅತ್ತುಬಿಟ್ಟೆ. ಆಪ್ತಸಮಾಲೋಚಕಿ ಕ್ಲೈಂಟಿನ ಮುಂದೆ ಅಳಬಾರದು ಅಂತ ನಿಯಮವಿದೆ. ಆ ನಿಯಮ ಮಾಡಿದವರು ಆ ಜಗಲಿಯಲ್ಲಿ ಕೂತಿರಲಿಲ್ಲ.

ಬಾಗಿಲ ಹಿಂದೆ ಅತ್ತೆ ನಿಂತು ಕೇಳಿಸಿಕೊಂಡಿದ್ದಾಳೆ ಅಂತ ಆಗ ಗೊತ್ತಾಯಿತು. ಅವಳು ಬಂದು ಸೊಸೆಯ ಪಕ್ಕ ಕುಕ್ಕರುಗಾಲಲ್ಲಿ ಕೂತಳು. "ನಾನು ತೋಟ್ದಲ್ಲಿದ್ದೆ ಆವತ್ತು," ಅಂದಳು. "ಒಬ್ಳೇ ಒತ್ಕಂಡೋದ್ಲು ಅನ್ನದ ಈಗ್ಲೇ ಕೇಳ್ತಾ ಇರದು ನಾನು." ನನ್ನ ಕಡೆ ತಿರುಗಿ, "ಹುಳ ಓಯ್ತಲ್ಲ ಅಂತ ಒಟ್ಟೆ ಉರಿಗ ಒಂದ್ ಮಾತ ಆಡ್ದೆ ಕಣವ್ವ. ಕೈಗುಣ ಸರಿಯಿಲ್ಲ ಅಂತ. ಆಡಿ ಆವತ್ತೇ ಮರ್ತೆ. ಇವ್ಳು ಮಡಿಕಂಡಿರದು ನಾನಾಡಿದ್ ಆ ಮಾತ್ನೇ ಅಂತ ನನ್ಗ ಒಳೀನೇ ಇಲ್ಲ." ಅಂದಳು. ನಾನು ಅವಳನ್ನು ಮನಸ್ಸಿನಲ್ಲಿ ಎಷ್ಟು ಬೈದುಕೊಂಡಿದ್ದೆನೋ. ಮಗುವಿಗೆ ನಾಲ್ಕು ವರ್ಷ ತುತ್ತಿಟ್ಟವಳು ಅವಳೇ.

ಅವತ್ತು ಯಾವ ಪವಾಡವೂ ಆಗಲಿಲ್ಲ. ಕಟ್ಟು ಬಿಚ್ಚಲಿಲ್ಲ. ನಾನು ಏನನ್ನೂ ಬರೆದುಕೊಡದೆ ಬಸ್ಸು ಹತ್ತಿದೆ. ವಾರಕ್ಕೊಮ್ಮೆ ಅವಳು ಆಸ್ಪತ್ರೆಗೆ ಬರುತ್ತಿದ್ದಳು. ನಾವು ಕೈಗುಣದ ಮಾತು ಎತ್ತುತ್ತಲೇ ಇರಲಿಲ್ಲ. ಕೈ ಏನು ಕೆಲಸ ಮಾಡಿತು, ಯಾರಿಗಾಗಿ ಮಾಡಿತು, ಮಾಡುವಾಗ ಮನಸ್ಸಿನಲ್ಲಿ ಏನಿತ್ತು, ಇಷ್ಟೇ. ಸೊಪ್ಪು ಕೊಯ್ದದ್ದು, ನೆಲ ಸಾರಿಸಿದ್ದು, ಅತ್ತೆಯ ಬೆನ್ನಿಗೆ ಎಣ್ಣೆ ಹಚ್ಚಿದ್ದು. ಫಲ ಏನಾಯಿತು ಅಂತ ನಾನೂ ಕೇಳುತ್ತಿರಲಿಲ್ಲ, ಅವಳೂ ಹೇಳುತ್ತಿರಲಿಲ್ಲ. ಮೂರನೆಯ ವಾರಕ್ಕೆ ಸೀರೆಯ ಪಟ್ಟಿ ಇರಲಿಲ್ಲ. ಅದನ್ನು ನಾನು ಕಂಡೂ ಕಾಣದ ಹಾಗೆ ಇದ್ದೆ.

ಒಂದು ವಾರ ಅವಳು ಬರಲಿಲ್ಲ. ಬಸ್‌ಸ್ಟಾಂಡಿನಲ್ಲಿ ಗಂಡ ಸಿಕ್ಕಿ ಹೇಳಿದ, ಮಗುವನ್ನು ಕರೆತರಲು ಹೊನ್ನೂರಿಗೆ ಹೋಗಿದ್ದಾಳೆ ಅಂತ. ಮಗು ಅಮ್ಮನ ಹತ್ತಿರ ಬರಲೇ ಇಲ್ಲವಂತೆ. ಎರಡು ದಿನ ಹೊನ್ನೂರಿನ ಅಜ್ಜಿಯ ಸೀರೆ ಹಿಡಿದುಕೊಂಡು ಹಿಂದೆ ಹಿಂದೆ ನಿಂತಿತಂತೆ. ಹೇಗೆ ಬಂದೀತು, ನಾಲ್ಕು ವರ್ಷ ದೂಡಿಸಿಕೊಂಡ ಮಗು ಅದು. ಮೂರನೆಯ ದಿನ ತಟ್ಟೆ ಹಿಡಿದು ಕೂತ ಅಮ್ಮನ ಎದುರು ತಾನಾಗೇ ಬಂದು ಬಾಯಿ ತೆರೆಯಿತಂತೆ. ಇಬ್ಬರೂ ನಾಳೆ ಬರುತ್ತಾರೆ, ಅಂದ. ನಾನು ಸಂತೋಷಕ್ಕೆ ಅವನಿಗೆ ಒಂದು ಟೀ ಕುಡಿಸಿದೆ.

ಅದಾಗಿ ಹದಿನೈದು ದಿನವೂ ಆಗಿರಲಿಲ್ಲ. ಮತ್ತೆ ಮಳೆ ಹಿಡಿದಿತ್ತು. ಬೆಳಿಗ್ಗೆ ಛತ್ರಿ ಮಡಚುತ್ತ ಆಸ್ಪತ್ರೆಯೊಳಗೆ ಬಂದರೆ, ಹೊರರೋಗಿಗಳ ಸಾಲಿನ ಪಕ್ಕ ಅವಳು ನಿಂತಿದ್ದಳು. ಒಬ್ಬಳೇ. ಹೆಗಲ ಮೇಲೆ ಮಗು. ಮಗುವಿನ ಕಣ್ಣು ಮುಚ್ಚಿತ್ತು, ಮುಖ ಕೆಂಪಗೆ ಕಾದಿತ್ತು. ಅವಳ ಬಲಗೈ ಮಗುವಿನ ತಲೆಯ ಮೇಲಿತ್ತು.

ಸರ್ಟಿಫಿಕೇಟು ಬರೆದು ಬುದ್ಧಿ ಕಲಿತವಳು, ಹತ್ತು ದಿನ ತರಬೇತಿ ಪಡೆದವಳು, ಆ ಕ್ಷಣ ನಾನು ಮೊದಲು ನೋಡಿದ್ದು ಆ ಕೈಯನ್ನು. ಅಯ್ಯೋ, ಮುಟ್ಟಿಬಿಟ್ಟಳಲ್ಲ ಅಂತ ಒಳಗೆ ಯಾರೋ ಅಂದರು. ಬೇರೆ ಯಾರೂ ಅಲ್ಲ, ನಾನೇ. ಅವಳು ಈಗ ಏನನ್ನುತ್ತಾಳೋ, ಮಗುವನ್ನು ನನ್ನ ಕೈಗೆ ಹಾಕಿ ಓಡುತ್ತಾಳೋ ಅಂತ ಅರ್ಧ ಮಡಚಿದ ಛತ್ರಿ ಹಿಡಿದುಕೊಂಡು ನಿಂತೆ.

"ಜ್ವರ ಕಣಕ್ಕ," ಅಂದಳು. "ಮೂಗೂ ಸೋರ್ತದ. ಈ ಥಂಡಿಗ ನಮ್ ಬೀದೀಲಿ ಎಲ್ಲಾ ಮಕ್ಳಿಗೂ ಇಂಗೇಯ. ಮಕ್ಳ ಡಾಕ್ಟ್ರು ಬಂದವ್ರಾ?"

ಬಂದಿದ್ದಾರೆ ಅಂತ ತಲೆಯಾಡಿಸಿದೆ.

ಅವಳು ನನ್ನ ಮುಖವನ್ನೇ ನೋಡಿ, "ಯಾಕಕ್ಕ ಇಂಗ್ ಬೆವೀತಿದ್ದೀರಿ, ಈ ಮಳೇಲಿ? ನಿಮ್ಗೂ ಬಂದದಾ ಯಾನು?" ಅಂದಳು. ಮಗುವನ್ನು ಎಡಗೈಗೆ ಬದಲಾಯಿಸಿಕೊಂಡು, ಬಲಗೈ ಚಾಚಿ ನನ್ನ ಹಣೆಯ ಮೇಲೆ ಇಟ್ಟಳು. ನಾನು ಅಲ್ಲಾಡದೆ ನಿಂತಿದ್ದೆ. ಅಂಗೈ ದೊರಗಾಗಿತ್ತು.

"ಇಲ್ಲ ಬುಡಿ, ತಣ್ಗದ," ಅಂದು ಅವಳು ಮಗುವನ್ನು ಸರಿಯಾಗಿ ಹೊದಿಸಿಕೊಂಡು ಸಾಲಿನಲ್ಲಿ ಹೋಗಿ ನಿಂತಳು.